ಹಿಂದಿನ ಟೈರ್ ಬದಲಿಸಬೇಕು, ಎಡಗಡೆ ಸ್ಯಾಡಲ್ ಬ್ಯಾಗ್ ಬಿಡ್ತಾನೇ ಇಲ್ಲ

ದಾರಿಗುಂಟ:

ಎಲ್ಲರಿಗೂ ನಮಸ್ಕಾರ. ನನ್ನದು 2010ರ ಹಾರ್ಲೆ ಸ್ಟ್ರೀಟ್ ಗ್ಲೈಡ್ ಬೈಕ್, ಹಿಂದಿನ ಚಕ್ರದ ಎರಡೂ ಪಕ್ಕ ಗಟ್ಟಿ ಪೆಟ್ಟಿಗೆಯಂಥ ಸ್ಯಾಡಲ್ ಬ್ಯಾಗ್ ಇರುವಂಥದ್ದು, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಹಿಂದಿನ ಟೈರ್ ಮುಗಿದಿದೆ. ಪಕ್ಕದಿಂದ ನೋಡಿದರೆ ಇನ್ನೂ ಗಟ್ಟಿಯಾಗಿಯೇ ಕಾಣುತ್ತದೆ. ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡಿದರೆ ಬಂಡವಾಳ ಬಯಲು. ನಡು ಭಾಗ ರೊಟ್ಟಿ ಲಟ್ಟಿಸಿದ ಹಾಗೆ ಚಪ್ಪಟೆಯಾಗಿದೆ, ಟೈರಿನ ಗೆರೆಗಳೊಳಗಿನ ಸವೆತದ ಗುರುತು ಮೇಲಿನ ರಬ್ಬರ್ ಮಟ್ಟಕ್ಕೇ ಬಂದಿದೆ. ಒದ್ದೆ ರಸ್ತೆಯಲ್ಲಿ ಒಂದು ಸಲ ಹಿಂಭಾಗ ಜಾರಿ ಎದೆ ಝಲ್ ಅಂದಮೇಲೆ, ಇನ್ನು ಮುಂದೂಡೋದು ಬೇಡ ಅನ್ನಿಸಿತು. ಅದೇ ಅಳತೆಯ ಹೊಸ ಟೈರ್, 180/65 ಬಿ 16, ತಂದು ಮೂಲೆಯಲ್ಲಿ ನಿಲ್ಲಿಸಿದ್ದೇನೆ.

ಚಕ್ರ ನಾನೇ ಬಿಚ್ಚಬೇಕು ಅಂತ ಹಠ. ಅದಕ್ಕೊಂದು ಕಾರಣ ಇದೆ. ಹೋದ ಸಲ ಪಂಚರ್ ಆದಾಗ ಒಂದು ಅಂಗಡಿಗೆ ಬಿಟ್ಟಿದ್ದೆ. ಹೆಸರು ಬೇಡ ಬಿಡಿ. ಸಂಜೆ ಹೋದರೆ ಬ್ಯಾಗ್ ಎರಡೂ ಜಾಗದಲ್ಲೇ ಇದ್ದವು, ಆದರೆ ಎಡಗಡೆಯದರ ಹೊರಮೈ ಮೇಲೆ ಅಂಗೈ ಅಗಲ ಉಜ್ಜಿದ ಗುರುತು. ಕೇಳಿದೆ. "ಮೊದಲೇ ಇತ್ತು ಸಾರ್" ಅಂದರು. ಇರಲಿಲ್ಲ. ಬೆಳಿಗ್ಗೆ ಬಿಡುವ ಮೊದಲು ನಾನೇ ಒರೆಸಿದ್ದೆ. ಬಣ್ಣದ ಮುಖ ಕೆಳಗೆ ಮಾಡಿ ನೆಲಕ್ಕೆ ಇಟ್ಟಿದ್ದಾರೆ, ಆಮೇಲೆ ಕಾಲಲ್ಲಿ ಆಚೆ ತಳ್ಳಿದ್ದಾರೆ. ಗೀರುಗಳೆಲ್ಲ ಒಂದೇ ಕಡೆಗೆ ಓಡಿವೆ, ಬೇರೆ ಸಾಕ್ಷಿ ಬೇಕಾ?

ಈಗ ಸಮಸ್ಯೆಗೆ ಬರುತ್ತೇನೆ. ಬ್ಯಾಗಿನ ಮುಚ್ಚಳ ತೆಗೆದರೆ ಒಳಗೋಡೆಯ ಮೇಲೆ, ಗಾಡಿಯ ಕಡೆಗೆ, ಎರಡು ಗುಂಡು ತಲೆಗಳಿವೆ. ಒಂದೊಂದಕ್ಕೂ ಮಡಚುವ ತಂತಿಯ ಹಿಡಿ ಇದೆ. ಬಲಗಡೆಯವು ಬೆರಳಲ್ಲೇ ತಿರುಗಿದವು, ಬ್ಯಾಗ್ ಕೈಗೆ ಬಂತು. ಎಡಗಡೆ ಹಿಂದಿನದೂ ತಿರುಗಿತು. ಮುಂದಿನದು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ. ಇಕ್ಕಳ ಹಿಡಿದು ತಿರುಗಿಸಿದೆ, ತಂತಿ ಬಾಗಿತು. ಇನ್ನೊಂದು ಸಲ ಹಾಗೆ ಮಾಡಿದರೆ ಮುರಿಯುತ್ತದೆ ಅಂತ ಕೈಬಿಟ್ಟಿದ್ದೇನೆ. ಎಣ್ಣೆ ಸ್ಪ್ರೇ ಹೊಡೆಯಲಾ? ಸುತ್ತಿಗೆಯಲ್ಲಿ ಸಣ್ಣಗೆ ಕುಟ್ಟಲಾ? ಅಥವಾ ಆ ಒಂದು ಬ್ಯಾಗ್ ಹಾಗೇ ಬಿಟ್ಟು, ಬಲಗಡೆಯಿಂದಲೇ ಚಕ್ರ ತೆಗೆಯೋಕೆ ಆಗುತ್ತಾ?

ಚಕ್ರ ಬಿಚ್ಚಿ ಅನುಭವ ಇಲ್ಲ ಅಂತೇನಿಲ್ಲ, ಸಣ್ಣ ಗಾಡಿಗಳದು ಬೇಕಾದಷ್ಟು ಬಿಚ್ಚಿದ್ದೇನೆ. ಇಷ್ಟು ದೊಡ್ಡ ಪ್ರಾಣಿಯದು ಇದೇ ಮೊದಲು.

ಎರಡು ಚೀಲ:

ಅದಕ್ಕೇ ನಾನು ಕೀಲಿ ತಿರುಗಿಸಿದರೆ ಬರುವ ಪೆಟ್ಟಿಗೆಯ ಗಾಡಿ ಇಟ್ಟುಕೊಂಡಿರೋದು. ಯಮಾಹಾ ಎಫ್‌ಜೆಆರ್. ಬೀಗ ತೆಗೆ, ಹಿಡಿಕೆ ಎತ್ತು, ಪೆಟ್ಟಿಗೆ ಕೈಯಲ್ಲಿ. ನಿಮ್ಮ ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ನನ್ನವೆರಡೂ ಕೆಳಗೆ ಇರುತ್ತಿದ್ದವು. ಬೇಜಾರಾಗಬೇಡಿ ಬ್ರದರ್, ತಮಾಷೆಗೆ ಅಂದೆ.

ನಿಜ ಹೇಳಬೇಕಂದರೆ ಅದರಲ್ಲೂ ತೊಂದರೆ ಇದೆ. ಸುಲಭಕ್ಕೆ ಬರುತ್ತದೆ ಅಂತ ಸಾಮಾನು ತುಂಬಿದ ಪೆಟ್ಟಿಗೆಯನ್ನೇ ಎಳೆದೆ ಒಂದು ಸಲ. ಭಾರಕ್ಕೆ ಕೈ ಜಾರಿ ನೇರ ಪಾದದ ಮೇಲೆ. ನೀವು ಏನೇ ಮಾಡಿ, ಮೊದಲು ಬ್ಯಾಗ್ ಖಾಲಿ ಮಾಡಿ. ಎಡಗಡೆಯದು ಇನ್ನೂ ತುಂಬಿದೆ ಅಂತ ನನ್ನ ಅನುಮಾನ.

ದಾರಿಗುಂಟ:

ಅನುಮಾನ ಸರಿ. ರೇನ್‌ಕೋಟ್, ಟೂಲ್ ಚೀಲ, ಎರಡು ಲೀಟರ್ ನೀರು, ಗಾಳಿ ಪಂಪು, ಮತ್ತೆ ಯಾವ ಕಾಲದ್ದೋ ಒಂದು ಒಂಟಿ ಗ್ಲೌಸ್. ಎಲ್ಲ ಹಾಗೇ ಇದೆ. ಅದಕ್ಕೂ ಸ್ಕ್ರೂ ತಿರುಗದೇ ಇರೋದಕ್ಕೂ ಏನು ಸಂಬಂಧ?

ಹಳೇ ಸ್ಪ್ಯಾನರ್:

ಸಂಬಂಧ ಪೂರ್ತಿ ಅಲ್ಲೇ ಇದೆ ಮಾರಾಯರೇ. ಇಕ್ಕಳ ಮೊದಲು ಪೆಟ್ಟಿಗೆಗೆ ಹಾಕಿ. ಸುತ್ತಿಗೆಯಂತೂ ಈ ಕೆಲಸಕ್ಕೆ ಹತ್ತಿರವೂ ಬರಬಾರದು.

ನೀವು ಸ್ಕ್ರೂ ಅಂದುಕೊಂಡಿರೋದು ಸ್ಕ್ರೂ ಅಲ್ಲ. ಅದು ಸ್ಟಡ್. ಸ್ಕ್ರೂಗೆ ಇರುವಂಥ ಸುತ್ತುಗೆರೆ (ಥ್ರೆಡ್) ಇರೋದಿಲ್ಲ ಅದಕ್ಕೆ. ತುದಿಯಲ್ಲಿ ಒಂದು ಕಚ್ಚು ಇರುತ್ತದೆ, ಗಾಡಿಯ ಮೇಲಿನ ಬ್ರ್ಯಾಕೆಟ್‌ನೊಳಗೆ ಹೋಗಿ ಕಾಲು ಸುತ್ತು ತಿರುಗಿ ಕೂರುತ್ತದೆ. ಅಷ್ಟೇ. ಕಾಲು ಸುತ್ತು ಎಡಕ್ಕೆ, ಬಿಟ್ಟಿತು. ಕಾಲು ಸುತ್ತು ಬಲಕ್ಕೆ, ಹಿಡಿಯಿತು. ಅದಕ್ಕಿಂತ ಜಾಸ್ತಿ ತಿರುಗಿಸೋಕೆ ಹೋದರೆ ಮುರಿಯೋದೊಂದೇ ಉಳಿದಿರುವ ದಾರಿ.

ಈಗ ನೋಡಿ. ಬ್ಯಾಗಿನ ಭಾರ ಎಲ್ಲಿ ಕೂತಿದೆ? ತಳ ಕೆಳಗಿನ ಸರಳಿನ ರಬ್ಬರ್ ಮೇಲೆ ಕೂತಿದೆ, ಮೇಲ್ಭಾಗ ಈ ಎರಡು ಸ್ಟಡ್ ಮೇಲೆ ನೇತಾಡುತ್ತಿದೆ. ನೀವು ಹಿಂದಿನದನ್ನು ಮೊದಲೇ ಬಿಟ್ಟಿರಿ. ತುಂಬಿದ ಬ್ಯಾಗ್ ಹಿಂಭಾಗದಲ್ಲಿ ಆಚೆ ವಾಲಿತು. ಮುಂದಿನ ಸ್ಟಡ್ ಈಗ ತನ್ನ ತೂತಿನಲ್ಲಿ ಓರೆಯಾಗಿ ಸಿಕ್ಕಿಕೊಂಡಿದೆ. ತುಕ್ಕೂ ಅಲ್ಲ, ದೂಳೂ ಅಲ್ಲ, ಸುಮ್ನೆ ಭಾರ.

ಹೀಗೆ ಮಾಡಿ. ಒಳಗಿನದ್ದೆಲ್ಲ ತೆಗೆಯಿರಿ, ಒಂಟಿ ಗ್ಲೌಸ್ ಸಮೇತ. ಗಾಡಿಯ ಪಕ್ಕ ಮಂಡಿಯೂರಿ ಕೂತು, ಬ್ಯಾಗಿನ ಹೊರಮೈಗೆ ಮೆತ್ತನೆ ಬಟ್ಟೆ ಕೊಟ್ಟು, ಮಂಡಿಯಿಂದ ಗಾಡಿಯ ಕಡೆಗೆ ಒತ್ತಿ. ಎಡಗೈಯಲ್ಲಿ ಬ್ಯಾಗಿನ ತಳ ಹಿಡಿದು ಒಂದು ಕೂದಲಿನಷ್ಟು ಮೇಲಕ್ಕೆ ಎತ್ತಿ. ಒತ್ತಡ ಇರುವಾಗಲೇ ಬಲಗೈಯಲ್ಲಿ ತಂತಿಯ ಹಿಡಿ ತಿರುಗಿಸಿ. ಒಂದೇ ಸಲಕ್ಕೆ ಬಾರದಿದ್ದರೆ ಎತ್ತುವ ಎತ್ತರ ಚೂರು ಬದಲಿಸಿ. ಒಂದು ಜಾಗದಲ್ಲಿ "ಟಕ್" ಅಂತ ಬೆರಳಿಗೇ ಗೊತ್ತಾಗುತ್ತದೆ. ಕಿವಿಗೆ ಕೇಳಿಸದೇ ಇರಬಹುದು.

ಆ ಟಕ್ ಆದ ಮೇಲೆ ಬ್ಯಾಗ್ ಹಿಡಿದುಕೊಂಡಿರೋದು ನಿಮ್ಮ ಮಂಡಿ ಮಾತ್ರ, ಅದು ನೆನಪಿರಲಿ. ಹೊರಕ್ಕೆ ಕಿತ್ತು ಎಳೆಯಬೇಡಿ. ಮೊದಲು ಮೇಲ್ಭಾಗ ನಿಮ್ಮ ಕಡೆ ವಾಲಿಸಿ, ಆಮೇಲೆ ತಳವನ್ನು ಸರಳಿನಿಂದ ಎತ್ತಿ. ಮುಚ್ಚಳ ಹಿಡಿದು ಮಾತ್ರ ಎತ್ತಬೇಡಿ. ಹಾಗೆ ಎತ್ತಿಯೇ ಜನ ಕೀಲು ಸಡಿಲ ಮಾಡಿಕೊಳ್ಳೋದು, ಆಮೇಲೆ ಮಳೆ ನೀರು ಒಳಗೆ ಬರುತ್ತದೆ ಅಂತ ಗೋಳಾಡೋದು.

ಎಣ್ಣೆ ಸ್ಪ್ರೇ ಬಗ್ಗೆ ಕೇಳಿದಿರಿ. ಬೇಡ. ಆ ಸ್ಟಡ್ ಸುತ್ತ ಗ್ರಾಮೆಟ್ ಅನ್ನುವ ರಬ್ಬರ್ ಬಳೆ ಇದೆ. ಪೆಟ್ರೋಲಿಯಂ ಎಣ್ಣೆ ಕುಡಿದರೆ ರಬ್ಬರ್ ಉಬ್ಬುತ್ತದೆ, ಮೆತ್ತಗಾಗುತ್ತದೆ. ಈಗ ಬಿಡಲಿಲ್ಲ ಅನ್ನುವ ಸ್ಟಡ್ ಮುಂದಿನ ವರ್ಷ ಹಿಡಿಯೋದೇ ಇಲ್ಲ. ಏನಾದರೂ ಹಚ್ಚಲೇಬೇಕು ಅಂದರೆ ಸಿಲಿಕಾನ್ ಸ್ಪ್ರೇ, ಬಟ್ಟೆಗೆ ಹೊಡೆದು ಒರೆಸಿ.

ಇನ್ನು ಒಂದು ಬ್ಯಾಗ್ ಬಿಟ್ಟೇ ಚಕ್ರ ತೆಗೆಯೋ ವಿಚಾರ. ಎರಡೂ ತೆಗೆಯಿರಿ. ಆಕ್ಸಲ್‌ಗೆ, ಅಂದರೆ ಚಕ್ರದ ಅಚ್ಚಿಗೆ, ಒಂದು ಕಡೆ ನಟ್, ಇನ್ನೊಂದು ಕಡೆ ತಲೆ. ಒಂದು ಕಡೆ ಸಾಕೆಟ್ ಕೂರಬೇಕು, ಇನ್ನೊಂದು ಕಡೆಯಿಂದ ಉದ್ದನೆ ಕಬ್ಬಿಣ ಈಚೆ ಬರಬೇಕು. ಎರಡಕ್ಕೂ ಜಾಗ ಬೇಕಲ್ವಾ? ಚಕ್ರ ತಿರುಗಿಸುವ ಬೆಲ್ಟ್ ಜಾರಿಸುವಾಗಲೂ ಕೈ ಒಳಗೆ ಹೋಗಬೇಕು. ಇನ್ನೂ ಒಂದು ಮಾತು. ಬ್ಯಾಗ್ ಬಿಚ್ಚುವ ಕೆಲಸ ಗಾಡಿ ಜ್ಯಾಕ್ ಮೇಲೆ ಏರುವ ಮೊದಲೇ ಮುಗಿಯಬೇಕು. ನೀವು ಮಂಡಿಯಿಂದ ಒತ್ತುವಾಗ ಸುಮಾರು 370 ಕಿಲೋ ಗಾಡಿ ಜ್ಯಾಕ್ ಮೇಲೆ ನಿಂತಿರಬಾರದು.

ಬ್ಯಾಗ್ ಬಿಚ್ಚೋದು ಒಂದು ನಿಮಿಷದ ಕೆಲಸ, ಅದಕ್ಕೆ ಇಷ್ಟು ಬರೆದೆ ಅಂತ ಅನ್ನಿಸಬಹುದು. ನಿಜವಾದ ತಲೆನೋವು ಎರಡೇ ಕಡೆ. ಬಿಚ್ಚಿದ್ದನ್ನು ಎಲ್ಲಿ ಇಡುತ್ತೀರಿ, ಮತ್ತೆ ಹಾಕಿದ ಮೇಲೆ ಹೇಗೆ ನೋಡುತ್ತೀರಿ. ಮೊದಲನೆಯದರಲ್ಲಿ ನಿಮ್ಮ ಅಂಗಡಿಯವರು ಸೋತರು. ಎರಡನೆಯದರಲ್ಲಿ ಸೋತವನು ನಾನೇ.

ವರ್ಷಗಳ ಹಿಂದಿನ ಮಾತು. ಕತ್ತಲಾಗುತ್ತಿತ್ತು, ಟೈರ್ ಕೆಲಸ ಮುಗಿದಿತ್ತು, ಹೊರಡುವ ಅವಸರ. ಬಲಗಡೆ ಬ್ಯಾಗ್ ಕೂರಿಸಿದೆ. ಎರಡೂ ಹಿಡಿ ತಿರುಗಿಸಿದೆ, ಎರಡೂ ತಿರುಗಿದವು. ಸರಿ ಅಂದುಕೊಂಡೆ. ಆದರೆ ಮುಂದಿನ ಸ್ಟಡ್ ಬ್ರ್ಯಾಕೆಟ್ ಒಳಗೆ ಹೋಗಿರಲೇ ಇಲ್ಲ. ಅದರ ಮುಖಕ್ಕೆ ತಾಗಿಕೊಂಡು ಬರೀ ಗಾಳಿಯಲ್ಲಿ ತಿರುಗಿತ್ತು. 40 ಕಿಲೋಮೀಟರ್ ಏನೂ ಆಗಲಿಲ್ಲ. ಆಮೇಲೆ ಒಂದು ರಸ್ತೆ ಉಬ್ಬು. ಹಿಂದೆ ಬರುತ್ತಿದ್ದ ಕಾರಿನವನು ಹಾರ್ನ್ ಮೇಲೆ ಹಾರ್ನ್. ನನಗೆ ಸಿಟ್ಟು, ಏನಪ್ಪಾ ಇವನ ಗಡಿಬಿಡಿ ಅಂತ. ಕನ್ನಡಿಯಲ್ಲಿ ನೋಡಿದರೆ ನನ್ನ ಒಗೆದ ಬಟ್ಟೆ ರಸ್ತೆ ಉದ್ದಕ್ಕೂ ಸಾಲಾಗಿ ಮಲಗಿತ್ತು. ಬ್ಯಾಗ್ ಇನ್ನೂ ಹಿಂದೆ ಬಿದ್ದಿತ್ತು. ಯಾರಿಗೂ ತಾಗಲಿಲ್ಲ, ಅದು ಪುಣ್ಯ.

ಆವತ್ತಿಂದ ತಿರುಗಿತು ಅನ್ನೋದನ್ನು ನಾನು ನಂಬೋದಿಲ್ಲ. ಹಿಡಿ ತಿರುಗಿಸಿದ ಮೇಲೆ ಬ್ಯಾಗನ್ನು ಮುಂದಿನ ಮೂಲೆಯಲ್ಲಿ ಹಿಡಿದು ಹೊರಕ್ಕೆ ಎಳೆಯುತ್ತೇನೆ, ಆಮೇಲೆ ಹಿಂದಿನ ಮೂಲೆ. ಎಳೆದಾಗ ಬ್ಯಾಗ್ ಜೊತೆ ಗಾಡಿಯೇ ಅಲ್ಲಾಡಬೇಕು. ಬ್ಯಾಗ್ ಮಾತ್ರ ಅಲ್ಲಾಡಿದರೆ ಕೂತಿಲ್ಲ ಅಂತ ಅರ್ಥ.

ದಾರಿಗುಂಟ:

ಬಂತು! ಮಂಡಿ ಕೊಟ್ಟು ಒತ್ತಿ, ಚೂರು ಎತ್ತಿದೆ ನೋಡಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುಗಿತು. ಒಂದು ಗಂಟೆ ಇಕ್ಕಳ ಹಿಡಿದು ಗುದ್ದಾಡಿದ್ದು ನೆನೆದು ನಗು ಬಂತು. ಬಾಗಿದ ತಂತಿಯನ್ನು ನೆಟ್ಟಗೆ ಮಾಡಿದ್ದೇನೆ, ಮುರಿದಿಲ್ಲ.

ಬ್ಯಾಗ್ ಎರಡನ್ನೂ ಹಳೇ ಕಂಬಳಿ ಹಾಸಿ ಮಂಚದ ಮೇಲೆ ಇಟ್ಟಿದ್ದೇನೆ, ತಳ ಕೆಳಗೆ, ಬಣ್ಣದ ಮುಖ ಗೋಡೆಗೆ ತಾಗದ ಹಾಗೆ. ಮನೆಯವರು ಒಂದು ನೋಟ ನೋಡಿದರು. ಏನೂ ಅನ್ನಲಿಲ್ಲ. ಅದೇ ಜಾಸ್ತಿ ಭಯ.

ಬ್ಯಾಗ್ ತೆಗೆದ ಮೇಲೆ ಗಾಡಿ ಒಳ್ಳೇ ಬೋಳು ತಲೆಯ ಹಾಗೆ ಕಾಣುತ್ತಿದೆ. ಅದರ ಹಿಂದೆ ಇಷ್ಟೊಂದು ಕೊಳೆ ಇತ್ತಾ! ಬೆಲ್ಟ್ ಕಾವಲಿನ ಮೇಲೆ ಮಣ್ಣು ಗಟ್ಟಿಯಾಗಿ ಹೆಪ್ಪುಗಟ್ಟಿದೆ. ಎಡಗಡೆ ಬ್ಯಾಗ್ ಇದ್ದ ಜಾಗದಲ್ಲಿ ಟೈರ್ ವಾಲ್ವಿನ ಹಾಗೇ ಇರುವ ಒಂದು ವಾಲ್ವ್ ಕಂಡಿತು, ಟೋಪಿ ಇಲ್ಲ. ಅದು ಏನು?

ಇನ್ನೊಂದು. ಸೈಲೆನ್ಸರ್ ಆಕ್ಸಲ್ ದಾರಿಗೆ ಅಡ್ಡ ಬರುವ ಹಾಗಿದೆ. ಅದನ್ನೂ ಪೂರ್ತಿ ಇಳಿಸಬೇಕಾ?

ಗ್ರೀಸ್ ಕೈ:

ಆ ವಾಲ್ವ್ ಹಿಂದಿನ ಶಾಕ್ ಅಬ್ಸಾರ್ಬರ್‌ದು ಅಣ್ಣಾ. ನಿಮ್ಮ ಗಾಡಿಯ ಹಿಂದಿನ ಶಾಕ್‌ಗೆ ಗಾಳಿ ತುಂಬಿ ಗಟ್ಟಿ ಮೆದು ಮಾಡಬಹುದು. ಹಿಂದೆ ಒಬ್ಬರು ಕೂತು, ಬ್ಯಾಗೂ ತುಂಬಿದ್ದರೆ ಜಾಸ್ತಿ, ಒಬ್ಬರೇ ಆದರೆ ಕಮ್ಮಿ. ಟೋಪಿ ಹಾಕಿ, ದೂಳು ಹೋದರೆ ವಾಲ್ವ್ ಸೋರುತ್ತದೆ. ಗಾಳಿ ಹಾಕುವಾಗ ಪೆಟ್ರೋಲ್ ಬಂಕಿನ ಕಂಪ್ರೆಸರ್ ಮಾತ್ರ ಹಿಡಿಯಬೇಡಿ. ಒಳಗೆ ಜಾಗವೇ ಪುಟ್ಟದು. ಒಂದು ಉಸಿರಿಗೆ ಮಿತಿ ದಾಟಿಬಿಡುತ್ತದೆ, ಸೀಲ್ ಹೋಗುತ್ತದೆ. ಸಣ್ಣ ಕೈಪಂಪು ಸಾಕು. ಬ್ಯಾಗ್ ಬಿಚ್ಚಿದಾಗಲೇ ಇದನ್ನೆಲ್ಲ ನೋಡಿಕೊಳ್ಳೋದು, ಬ್ಯಾಗ್ ಇದ್ದಾಗ ಕೈ ತೂರಿಸಿ ತಡಕಾಡಬೇಕು.

ಸೈಲೆನ್ಸರ್ ಬಗ್ಗೆ ನನ್ನ ಅಭಿಪ್ರಾಯ: ಪೂರ್ತಿ ಇಳಿಸೋದು ಬೇಡ. ಬ್ಯಾಗ್ ಕೂರುವ ಸರಳಿಗೆ ಕೆಳಗಿನಿಂದ ಎರಡು ಬೋಲ್ಟ್ ಇರುತ್ತವೆ, ಅವನ್ನು ತೆಗೆದು, ಮುಂದಿನ ಕ್ಲ್ಯಾಂಪ್ ಸಡಿಲ ಮಾಡಿದರೆ ಬಾಲ ಕೆಳಗೆ ಬರುತ್ತದೆ. ಕೆಳಗೊಂದು ಮರದ ತುಂಡು ಕೊಡಿ. ನಾನು ಹಾಗೇ ಮಾಡೋದು.

ಹಳೇ ಸ್ಪ್ಯಾನರ್:

ಗ್ರೀಸ್ ಕೈ ಅಕ್ಕ ಹೇಳಿದ್ದು ಆಗದ ಮಾತಲ್ಲ. ಆದರೆ ಮೊದಲ ಸಲ ಮಾಡುವವರಿಗೆ ನಾನು ಅದನ್ನು ಹೇಳೋದಿಲ್ಲ. ಅರ್ಧ ನೇತಾಡುವ ಸೈಲೆನ್ಸರ್‌ಗೆ ಕಾಲು ತಾಗುತ್ತದೆ, ಚಕ್ರ ಹೊರಗೆ ಉರುಳುವಾಗ ತಾಗುತ್ತದೆ. ಕ್ಲ್ಯಾಂಪ್ ಸಡಿಲ ಮಾಡಿದ್ದಾಯಿತಲ್ಲ, ಇನ್ನೊಂದು ಎಳೆತಕ್ಕೆ ಪೂರ್ತಿ ಬರುತ್ತದೆ. ತೆಗೆದು ಪಕ್ಕಕ್ಕಿಡಿ. ಎಂಜಿನ್ ತಣ್ಣಗಿರುವಾಗ ಅಂತ ಬೇರೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ. ಹಳೇ ಕ್ಲ್ಯಾಂಪ್ ಮತ್ತೆ ಬಿಗಿಯಾಗಿ ಹಿಡಿಯದೇ ಇರಬಹುದು, ಹೊಸದೊಂದು ಕೈಯಲ್ಲಿರಲಿ.

ಆಕ್ಸಲ್ ನಟ್ ಹೊರಗೆ ಒಂದು ಸಣ್ಣ ಕ್ಲಿಪ್ ಇರುತ್ತದೆ. ಅದನ್ನು ಕೀಳುವಾಗ ಕಣ್ಣಿಗೆ ಕನ್ನಡಕ ಇರಲಿ, ಹಾರುತ್ತದೆ. ಕೂರಿಸುವಾಗ ಹೊಸದನ್ನೇ ಹಾಕಿ. ನಟ್‌ಗೆ 36 ಮಿಲಿಮೀಟರ್ ಸಾಕೆಟ್ ಬೇಕು. ಚಕ್ರ ಇನ್ನೂ ನೆಲದ ಮೇಲಿರುವಾಗಲೇ ನಟ್ ಒಂದು ಸುತ್ತು ಸಡಿಲ ಮಾಡಿಕೊಳ್ಳಿ. ಒಬ್ಬರು ಹ್ಯಾಂಡಲ್ ಹಿಡಿದಿರಲಿ. ಜ್ಯಾಕ್ ಮೇಲೆ ಏರಿಸಿದ ಮೇಲೆ ಆ ನಟ್ ಜೊತೆ ಕುಸ್ತಿ ಆಡಬಾರದು.

ಜ್ಯಾಕ್ ಚೌಕಟ್ಟಿನ ಕೊಳವೆಗಳ ಕೆಳಗೆ ಕೂರಬೇಕು, ಎಣ್ಣೆ ತೊಟ್ಟಿಯ ಕೆಳಗಲ್ಲ. ಮುಂದಿನ ಚಕ್ರ ಅಲ್ಲಾಡದ ಹಾಗೆ ಕಟ್ಟಿ, ಎರಡೂ ಕಡೆಗೆ ಪಟ್ಟಿ ಎಳೆದು ಬಿಗಿಯಿರಿ. ಹಿಂದಿನ ಚಕ್ರ ಹೊರಬಂದ ಕೂಡಲೇ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಬ್ಯಾಗೂ ಇಲ್ಲ, ಸೈಲೆನ್ಸರೂ ಇಲ್ಲ, ಚಕ್ರವೂ ಇಲ್ಲ. ಹಿಂದೆ ಉಳಿದಿರೋದೇನು ಹೇಳಿ.

ಗ್ರೀಸ್ ಕೈ:

ಸರಿ, ಸೈಲೆನ್ಸರ್ ವಿಷಯದಲ್ಲಿ ನಿಮ್ಮದೇ ಇರಲಿ. ಮೊದಲ ಸಲಕ್ಕೆ ಮಾತ್ರ.

ನಾನು ಚಕ್ರದ ಬಗ್ಗೆ ಹೇಳಿಬಿಡುತ್ತೇನೆ, ಯಾಕಂದರೆ ಎಲ್ಲರೂ ಬ್ಯಾಗ್ ಬಣ್ಣ ಕಾಪಾಡಿ ಬ್ರೇಕ್ ಡಿಸ್ಕ್ ಬಾಗಿಸಿಕೊಳ್ಳುತ್ತಾರೆ. ಆಕ್ಸಲ್ ಎಳೆಯುವ ಮೊದಲು ಮೊಬೈಲಲ್ಲಿ ಎರಡೂ ಕಡೆ ಫೋಟೋ ಹೊಡೆಯಿರಿ. ಚಕ್ರದ ಎಡಕ್ಕೊಂದು ಬಲಕ್ಕೊಂದು ಸ್ಪೇಸರ್ (ಅಂತರ ಕಾಯುವ ಬಳೆ) ಇರುತ್ತದೆ, ಅದಲುಬದಲಾಗಬಾರದು. ಆಕ್ಸಲ್ ತುದಿಯಲ್ಲಿರುವ ಬಸವನಹುಳುವಿನ ಆಕಾರದ ಕ್ಯಾಮ್ ಎಲ್ಲಿ ನಿಂತಿದೆ ಅಂತ ಮಾರ್ಕರ್‌ನಲ್ಲಿ ಗುರುತು ಹಾಕಿ, ಬೆಲ್ಟ್ ಬಿಗಿ ಮತ್ತೆ ಕೂರಿಸೋಕೆ ಅದೇ ಲೆಕ್ಕ. ಎಬಿಎಸ್ ಇದ್ದರೆ ಸೆನ್ಸರ್ ವೈರ್ ಎಲ್ಲಿ ಹೋಗಿದೆ ಅನ್ನೋದೂ ಫೋಟೋದಲ್ಲಿ ಬರಲಿ.

ಆಕ್ಸಲ್ ಬಂದ ಮೇಲೆ ಚಕ್ರವನ್ನು ಮುಂದಕ್ಕೆ ತಳ್ಳಿ, ಬೆಲ್ಟ್ ಸಡಿಲ ಆಗುತ್ತದೆ, ಪಕ್ಕಕ್ಕೆ ಜಾರಿಸಿ. ಬೆಲ್ಟನ್ನು ಹಗ್ಗದ ಹಾಗೆ ಮಡಚಬೇಡಿ, ತಿರುಚಬೇಡಿ, ಒಳಗಿನ ಎಳೆ ಮುರಿದರೆ ಹೊರಗಿಂದ ಕಾಣೋದಿಲ್ಲ. ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಮೆದುಗೊಳವೆಯ ಮೇಲೆ ನೇತಾಡದ ಹಾಗೆ ತಂತಿಯಲ್ಲಿ ಕಟ್ಟಿ. ಡಿಸ್ಕ್ ಈಚೆ ಬಂದ ಮೇಲೆ ಹಿಂದಿನ ಬ್ರೇಕ್ ಪೆಡಲ್‌ಗೆ ಯಾರೂ ಕಾಲಿಡಬಾರದು. ಮನೆಯಲ್ಲಿ ಮಕ್ಕಳಿದ್ದರೆ ಹೇಳಿಬಿಡಿ. ಕ್ಯಾಲಿಪರ್ ಒಳಗಿನ ಪಿಸ್ಟನ್ ಹೊರಕ್ಕೆ ಬಂದರೆ ಅದನ್ನು ಒಳಗೆ ತಳ್ಳೋದು ಇನ್ನೊಂದು ರಾಮಾಯಣ.

ಟೈರ್ ಕೂರಿಸೋಕೆ ಚಕ್ರ ಮಾತ್ರ ಅಂಗಡಿಗೆ ಒಯ್ಯಿರಿ. ಈಗ ಬ್ಯಾಗ್ ಅವರ ಕೈಗೆ ಸಿಗೋದಿಲ್ಲ, ನಿಮಗೆ ಅದೇ ಬೇಕಾಗಿದ್ದಲ್ವಾ? ಡಿಸ್ಕ್ ನೆಲಕ್ಕೆ ತಾಗಬಾರದು, ಚಕ್ರದ ಕೆಳಗೆ ಏನಾದರೂ ಕೊಟ್ಟು ಎತ್ತರಿಸಿ ಅಂತ ಬಾಯಿಬಿಟ್ಟು ಹೇಳಿ. ಬೆಲ್ಟ್ ಕೂರುವ ಹಲ್ಲಿನ ಚಕ್ರದ ಕಡೆ ಮೇಲಕ್ಕಿದ್ದರೆ ಒಳಗಿನ ರಬ್ಬರ್ ತುಂಡುಗಳು ಉದುರೋದಿಲ್ಲ. ಟೈರ್ ಪಕ್ಕದಲ್ಲಿ ಬಾಣದ ಗುರುತಿದೆ, ಉರುಳುವ ದಿಕ್ಕು. ಅಲ್ಲೇ DOT ಅಂತ ಶುರುವಾಗುವ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ನೋಡಿ. 2319 ಅಂದರೆ 2019ನೇ ವರ್ಷದ 23ನೇ ವಾರ ತಯಾರಾಗಿದ್ದು. ಹೊಸ ಟೈರ್ ಅಂತ ಹಳೇ ದಾಸ್ತಾನು ಕೊಟ್ಟಿದ್ದಾರಾ ಅಂತ ಕೂರಿಸುವ ಮೊದಲು ತಿಳಿಯೋದು ಒಳ್ಳೇದು.

ದಾರಿಗುಂಟ:

ಕೆಲಸ ಮುಗಿಯಿತು, ಎರಡು ದಿನ ಹಿಡಿಯಿತು. ಹೇಗಾಯಿತು ಅಂತ ಹೇಳುತ್ತೇನೆ.

ಸೈಲೆನ್ಸರ್ ಪೂರ್ತಿ ಇಳಿಸಿದೆ. ಅಕ್ಕನ ಮಾತು ಕೇಳಬೇಕು ಅಂತ ಒಂದು ಸಲ ಆಸೆ ಆಯಿತು, ಬಾಲ ಇಳಿಸಿ ಮರದ ತುಂಡು ಇಟ್ಟೆ. ಐದೇ ನಿಮಿಷದಲ್ಲಿ ನಾನೇ ಎಡವಿದೆ. ತೆಗೆದು ಆಚೆ ಇಟ್ಟೆ. ನಟ್ ಒಂದು ಮೀಟರ್ ಉದ್ದದ ಪೈಪ್ ಸಿಕ್ಕಿಸಿದ ಮೇಲೆ "ಕಿರ್" ಅಂತ ಬಿಟ್ಟಿತು. ತಮ್ಮ ಹ್ಯಾಂಡಲ್ ಹಿಡಿದಿದ್ದ. ಕ್ಲಿಪ್ ನೀವು ಹೇಳಿದ ಹಾಗೇ ಹಾರಿತು, ಇನ್ನೂ ಸಿಕ್ಕಿಲ್ಲ. ಹೊಸದು ತಂದಿಟ್ಟಿದ್ದರಿಂದ ಹುಡುಕುವ ಗೋಜಿಗೂ ಹೋಗಲಿಲ್ಲ.

ಚಕ್ರ ಹೊರಬಂದ ಮೇಲೆ ಹಲ್ಲಿನ ಚಕ್ರ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಒಳಗಿನ ರಬ್ಬರ್ ಇನ್ನೂ ಬಿಗಿಯಾಗಿವೆ. ಬೇರಿಂಗ್ ಒಳಗೆ ಬೆರಳು ಹಾಕಿ ತಿರುಗಿಸಿದೆ, ನುಣ್ಣಗೆ ತಿರುಗಿದವು. ಬೆಲ್ಟ್ ಮೇಲೆ ಒಂದು ಸಣ್ಣ ಕಲ್ಲು ಚುಚ್ಚಿದ ಗುರುತಿದೆ, ತೂತಾಗಿಲ್ಲ. ಅದರ ಫೋಟೋ ಹಾಕಿದ್ದೇನೆ, ನೋಡಿ ಹೇಳಿ. ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಉಳಿದಿದೆ.

ಟೈರ್ ಅಂಗಡಿಯಲ್ಲಿ ನಾನು ಪಕ್ಕದಲ್ಲೇ ನಿಂತಿದ್ದೆ. ಮೂರು ಸಲ "ಡಿಸ್ಕ್ ನೆಲಕ್ಕೆ ತಾಗೋದು ಬೇಡ" ಅಂದೆ. ನಾಲ್ಕನೇ ಸಲ ಬಾಯಿ ತೆಗೆಯುವ ಮೊದಲೇ ಆ ಹುಡುಗ ಒಂದು ಹಳೇ ಟೈರ್ ತಂದು ಅದರ ಮೇಲೆ ಚಕ್ರ ಮಲಗಿಸಿದ. ಒಳ್ಳೇ ಹುಡುಗ. ತೂಕ ಸಮ ಮಾಡಿ, ಗಾಳಿ 40 ಪಿಎಸ್‌ಐ ತುಂಬಿ ಕೊಟ್ಟ.

ವಾಪಸ್ ಕೂರಿಸೋದು ಬಿಚ್ಚಿದ್ದಕ್ಕಿಂತ ಕಷ್ಟ ಆಯಿತು. ಚಕ್ರ ಎತ್ತರಕ್ಕೆ ಸರಿಯಾಗಿ ನಿಲ್ಲಲಿಲ್ಲ. ಕೊನೆಗೆ ಟೈರ್ ಕೆಳಗೆ ಒಂದು ಹಲಗೆ ಇಟ್ಟು, ಅದನ್ನು ಸನ್ನೆಕೋಲಿನ ಹಾಗೆ ಕಾಲಲ್ಲಿ ಒತ್ತಿ ಎತ್ತಿದೆ. ಆಕ್ಸಲ್ ಒರೆಸಿ ತೆಳ್ಳಗೆ ಗ್ರೀಸ್ ಹಚ್ಚಿದ್ದೆ, ಒಂದು ಎತ್ತರಕ್ಕೆ ಬಂದಾಗ ತಾನಾಗೇ ಒಳಗೆ ಹೋಯಿತು. ಕ್ಯಾಮ್ ಗುರುತಿಗೆ ತಂದು, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ಉಬ್ಬಿಗೆ ಎರಡೂ ಕಡೆ ತಾಗಿದೆಯಾ ಅಂತ ನೋಡಿ, ಬೆಲ್ಟ್ ಬಿಗಿ ನೋಡಿ, ಆಮೇಲೆ ನಟ್. ಪುಸ್ತಕದಲ್ಲಿ ನಟ್ ಬಿಗಿತ 95ರಿಂದ 105 ಅಡಿ ಪೌಂಡ್ ಅಂತಿದೆ. ನನ್ನ ಟಾರ್ಕ್ ರೆಂಚ್‌ನಲ್ಲಿ ನ್ಯೂಟನ್ ಮೀಟರ್ ಲೆಕ್ಕ, 135ಕ್ಕೆ ಇಟ್ಟು ಬಿಗಿದೆ. ಹೊಸ ಕ್ಲಿಪ್. ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೂ ತುಳಿದೆ. ಮೊದಲ ಎರಡು ಮೂರು ಸಲ ಪೆಡಲ್ ಸುಮ್ನೆ ತಳಕ್ಕೆ ಹೋಯಿತು. ತುಳಿಯದೇ ಹೊರಟಿದ್ದರೆ ಗೇಟ್ ದಾಟಿ ನಿಲ್ಲುತ್ತಿರಲಿಲ್ಲ.

ಕೊನೆಗೆ ಬ್ಯಾಗ್. ತಳ ಸರಳಿನ ರಬ್ಬರಿಗೆ ಕೂರಿಸಿ, ಮೇಲ್ಭಾಗ ಒಳಕ್ಕೆ ಒತ್ತಿ, ಮಂಡಿ ಕೊಟ್ಟು, ಹಿಡಿ ತಿರುಗಿಸಿದೆ. ಎಡಗಡೆ ಬ್ಯಾಗಿನ ಹಿಂದಿನ ಸ್ಟಡ್‌ನಲ್ಲಿ ಒಂದು ರಬ್ಬರ್ ವಾಷರ್ ಇಲ್ಲ ಅಂತ ಆಗ ಕಂಡಿತು. ಬಲಗಡೆ ಎರಡಕ್ಕೂ ಇದೆ. ಹೋದ ಸಲದ ಅಂಗಡಿಯಲ್ಲೇ ಉಳಿದಿರಬೇಕು. ತತ್ಕಾಲಕ್ಕೆ ಅದೇ ದಪ್ಪದ ಇನ್ನೊಂದು ರಬ್ಬರ್ ವಾಷರ್ ಹುಡುಕಿ ಹಾಕಿದ್ದೇನೆ. ಎರಡೂ ಬ್ಯಾಗ್ ಎಳೆದು ನೋಡಿದೆ, ಗಟ್ಟಿ ಇವೆ.

ಶಾಕ್ ವಾಲ್ವಿಗೂ ಟೋಪಿ ಹಾಕಿದೆ. ಹೊಸ ಟೈರ್ ಮೈ ಇನ್ನೂ ನುಣುಪು, ಮೊದಲ 150 ಕಿಲೋಮೀಟರ್ ತಿರುವಿನಲ್ಲಿ ವಾಲಿಸೋದಿಲ್ಲ. ಗಾಡಿ ತೊಳೆದು ಎರಡೂ ಕಡೆಯಿಂದ ಫೋಟೋ ಹಾಕಿದ್ದೇನೆ. ಮಂಚ ಖಾಲಿಯಾಗಿದೆ, ಮನೆಯಲ್ಲೂ ಶಾಂತಿ.

ಎರಡು ಚೀಲ:

ಒಂಟಿ ಗ್ಲೌಸ್ ಏನಾಯಿತು?

ದಾರಿಗುಂಟ:

ವಾಪಸ್ ಬ್ಯಾಗ್ ಒಳಗೇ ಹಾಕಿದ್ದೇನೆ. ಜೊತೆಗಾರ ಎಂದಾದರೂ ಸಿಗಬಹುದು.

ಹಳೇ ಸ್ಪ್ಯಾನರ್:

ಬೆಲ್ಟ್ ಫೋಟೋ ನೋಡಿದೆ. ಹಲ್ಲಿನ ಕಡೆಯಲ್ಲಿ ಬಿರುಕಿಲ್ಲ, ಅಂಚೂ ಕಿತ್ತಿಲ್ಲ. ಆ ಗುರುತಿನ ಮೇಲೆ ಕಣ್ಣಿಟ್ಟಿರಿ, ದೊಡ್ಡದಾದರೆ ಹೇಳಿ.

ಇನ್ನೊಂದು ಫೋಟೋ ಬಗ್ಗೆ. ಬಲಗಡೆಯಿಂದ ತೆಗೆದದ್ದು. ಬ್ಯಾಗಿನ ಮುಂದಿನ ಅಂಚಿಗೂ ಪಕ್ಕದ ಕವಚಕ್ಕೂ ನಡುವಿನ ಸಂದು ಎಡಗಡೆಗಿಂತ ಜಾಸ್ತಿ ಕಾಣುತ್ತಿದೆ. ಫೋಟೋ ಓರೆಯಾಗಿ ತೆಗೆದಿರಬಹುದು. ಆದರೂ ಕೇಳುತ್ತೇನೆ, ಎಳೆದು ನೋಡಿದೆ ಅಂದಿರಲ್ಲ, ಎಲ್ಲಿ ಹಿಡಿದು ಎಳೆದಿರಿ?

ದಾರಿಗುಂಟ:

ಹಿಂದೆ ನಿಂತು, ಹಿಂದಿನ ಮೂಲೆ ಹಿಡಿದು. ಎರಡನ್ನೂ ಹಾಗೇ ಎಳೆದೆ. ತಡೀರಿ, ಈಗಲೇ ಹೋಗಿ ನೋಡಿ ಬರುತ್ತೇನೆ.

ದಾರಿಗುಂಟ:

ಮುಂದಿನ ಮೂಲೆ ಹಿಡಿದು ಎಳೆದೆ. ಎರಡು ಬೆರಳು ಹೊರಗೆ ಬಂತು. ಮುಚ್ಚಳ ತೆಗೆದು ನೋಡಿದರೆ ಹಿಡಿ ಸರಿಯಾಗೇ ತಿರುಗಿದೆ, ಮಡಚಿ ಮಲಗಿದೆ. ಸ್ಟಡ್ ಮಾತ್ರ ಬ್ರ್ಯಾಕೆಟ್‌ನ ಮುಖಕ್ಕೆ ಒತ್ತಿ ನಿಂತಿದೆ, ಒಳಗೆ ಹೋಗಿಲ್ಲ. ಈಗ ಕೂರಿಸಿದೆ. ಮುಂದೆ ಎಳೆದೆ, ಹಿಂದೆ ಎಳೆದೆ, ಗಾಡಿ ಅಲ್ಲಾಡಿತು.